ಭಾನುವಾರ ಕೇಳೋಣ: ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’

ಆತ್ಮೀಯರೇ,

ಈ ಭಾನುವಾರ ಸಂಜೆ 5ಕ್ಕೆ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಸೇರೋಣ. ಕೇಳಲಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದ ವಾರ್ಪ್ ಎಂಬ ರೆಕಾರ್ಡ್ ಸಂಸ್ಥೆ 1992ರಲ್ಲಿ ಹೊರತಂದ ಎಲೆಕ್ಟ್ರಾನಿಕ್ ಸಂಗೀತದ ಸಂಕಲನ, ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’.

ಟೆಕ್ನೋ, ಅಂದರೆ ಎಲೆಕ್ಟ್ರಾನಿಕ್ ನೃತ್ಯ ಸಂಗೀತ, ಬರೀ ಅಬ್ಬರ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮುಖಪುಟವನ್ನು ಗಮನಿಸಿ: ರೋಬಾಟ್ ಒಂದು ಆರಾಮಕುರ್ಚಿಯಲ್ಲಿ ಒರಗಿದೆ, ನೆಲದ ಮೇಲೆ ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಮತ್ತು ಜರ್ಮನಿಯ ಎಲೆಕ್ಟ್ರಾನಿಕ್ ತಂಡ ಕ್ರಾಫ್ಟ್‌ವರ್ಕ್‌ನ ರೆಕಾರ್ಡುಗಳು ಹರಡಿವೆ. ಕುಣಿಯಲೆಂದು ಹುಟ್ಟಿದ ಸಂಗೀತವನ್ನು ಮನೆಯಲ್ಲಿ ಕುಳಿತು, ಕಿವಿಗೊಟ್ಟು ಕೇಳಿ ಎಂದು ಆ ಕಾಲದಲ್ಲೇ ಹೇಳಿದ ಧೈರ್ಯ ನನಗೆ ಬಹಳ ಇಷ್ಟ. ಮೊದಲ ರಚನೆ ‘ದಿ ಡೈಸ್ ಮ್ಯಾನ್’ ಎಂಬ ಕಲಾವಿದನ ಹೆಸರಿನಲ್ಲಿದೆ. ಆ ಹೆಸರಿನ ಹಿಂದಿರುವುದು ಬ್ರಿಟಿಷ್ ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್. ಆಟೆಕರ್ ಎಂಬ ಬ್ರಿಟಿಷ್ ಸಂಗೀತಗಾರರ ಜೋಡಿಯ ಎರಡು ರಚನೆಗಳೂ ಇವೆ. ತಾಳ ಬಿಗಿಯಾಗಿದ್ದರೂ ಮೇಲೆ ತೇಲುವ ಸ್ವರಗಳಿಗೆ ಅವಸರವೇ ಇಲ್ಲ. ದಸರಾ ಕಚೇರಿಯಲ್ಲಿ ರಾಗಾಲಾಪನೆಗೆ ಕೊಡುವ ತಾಳ್ಮೆಯನ್ನು ಇದಕ್ಕೂ ಕೊಡಿ.

ದಯವಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಮುಂಚಿತವಾಗಿ ಕೇಳಬೇಡಿ, ಮಂದ್ರ ಸ್ವರಗಳೆಲ್ಲ ಅದರಲ್ಲಿ ಕಳೆದುಹೋಗುತ್ತವೆ. ಬರಲಾಗದವರು ಹೆಡ್‌ಫೋನಿನಲ್ಲಿ, ಕ್ರಮ ತಪ್ಪಿಸದೆ ಕೇಳಿ. ಬರುವವರು ಶನಿವಾರದೊಳಗೆ ಇಲ್ಲಿಯೇ ತಿಳಿಸಿ. ಮನೆಯವರ ಕಾಫಿ, ತಿಂಡಿಯ ಲೆಕ್ಕಕ್ಕೆ ಅನುಕೂಲವಾಗುತ್ತದೆ.