ಗಬ್ಬ ನಿಲ್ಲದ ಸೀಮೆಹಸು: ಗಾಯತ್ರಿಗೆ ದೊಡ್ಡಮ್ಮನ ಕಾಗದ

ಚಿಂತಾಮಣಿ

ಚಿ. ಸೌ. ಗಾಯತ್ರಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಸೀಮೆಹಸು ಕರು ಹಾಕಿ ನಾಲ್ಕು ತಿಂಗಳಾದರೂ ಗಬ್ಬ ನಿಲ್ಲಲಿಲ್ಲ, ಎಂಟು ಹತ್ತು ದಿನಕ್ಕೊಮ್ಮೆ ಬೆದೆಗೆ ಬಂದು ಬೇರೆ ಹಸುಗಳ ಮೇಲೆ ಹಾರುತ್ತೆ ಅಂತ ಬರೆದಿದ್ದೀಯ. ಸಂತೆಗೆ ಹೊಡೆಯೋ ಮಾತೂ ಶುರುವಾಗಿದೆಯಂತೆ. ಸ್ವಲ್ಪ ತಡೀರಿ.

ಬೆದೆ ಬರಬೇಕಾದದ್ದು 18ರಿಂದ 24 ದಿನಕ್ಕೊಮ್ಮೆ. ಅದಕ್ಕೆ ಮುಂಚೆ ಮತ್ತೆ ಮತ್ತೆ ಬರ್ತಿದ್ದರೆ, ಬಾಲದ ಬುಡದ ಎರಡೂ ಪಕ್ಕ ತಗ್ಗು ಬಿದ್ದು ಬುಡ ಮೇಲೆದ್ದಂತೆ ಕಂಡರೆ, ಅಂಡಾಶಯದಲ್ಲಿ ನೀರುಗುಳ್ಳೆ ಇರೋ ಅನುಮಾನ ಬಲವಾಗುತ್ತೆ. ಡಾಕ್ಟ್ರು ಸಿಸ್ಟ್ ಅನ್ನೋದು ಇದನ್ನೇ. ಬೆದೆಗೇ ಬಾರದೆ ಸುಮ್ಮನಿರೋ ಹಸುವಿನಲ್ಲೂ ಇರಬಹುದು. ಅಂಡ ಇರೋ ಗುಳ್ಳೆ ಬಲಿತ ಮೇಲೆ ಒಡೀಬೇಕು. ಒಡೆಸೋ ಎಲ್‌ಎಚ್ ಹಾರ್ಮೋನು ಸಮಯಕ್ಕೆ ಏರದಿದ್ದರೆ ಅದು 2–2.5 ಸೆಂ.ಮೀ. ದಾಟಿ ಊದಿಕೊಂಡು ಕೂರುತ್ತೆ. ಅಂಡವೇ ಹೊರಗೆ ಬಾರದ ಮೇಲೆ ಸೆಮೆನ್ ಎಷ್ಟು ಸಲ ಹಾಕಿಸಿದರೂ ದುಡ್ಡು ದಂಡ.

ಸಿಸ್ಟ್ ಎರಡು ಥರ. ತೆಳು ಗೋಡೆಯದು ಒಂದು, 3 ಮಿ.ಮೀ.ಗಿಂತ ದಪ್ಪ ಗೋಡೆಯದು ಇನ್ನೊಂದು. ಕೈ ಹಾಕಿ ನೋಡಿದರೆ ಎಷ್ಟೋ ಸಲ ಎರಡೂ ಒಂದೇ ಥರ ಸಿಗುತ್ತೆ, ಆದ್ದರಿಂದ ಆದಷ್ಟೂ ಸ್ಕ್ಯಾನ್ ಮಾಡಿಸು. ಗುಳ್ಳೆ ಒಡೆದು ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯೋ ಹಳದಿ ಗಂಟು ಮಾಮೂಲಿಯದೇ; ಒಳಗೆ ಸ್ವಲ್ಪ ನೀರಿದ್ದರೆ ಅದನ್ನೇ ಸಿಸ್ಟ್ ಅಂತ ತಿಳಿದು ಔಷಧ ಕೊಡೋದೂ ಉಂಟು. ಅದು ರೋಗವೇ ಅಲ್ಲ.

ತೆಳು ಗೋಡೆಯದಕ್ಕೆ ಎಲ್‌ಎಚ್ ಏರಿಸೋ ಬುಸೆರೆಲಿನ್ ಇಂಜೆಕ್ಷನ್ 20 ಮೈಕ್ರೋಗ್ರಾಂ; ಮಿ.ಲೀ.ಗೆ 4 ಮೈಕ್ರೋಗ್ರಾಂ ಇರೋ ಬಾಟಲಿಯಾದರೆ 5 ಮಿ.ಲೀ. ಇದು ಸಿಸ್ಟನ್ನು ಒಡೆಯೋದು ಕಡಿಮೆ, ಅದರ ಗೋಡೆಯನ್ನ ಹಳದಿ ಗಂಟಿನ ಥರ ಮಾಡುತ್ತೆ. ಅದಕ್ಕೇ ಏಳು ದಿನ ಬಿಟ್ಟು ಆ ಗಂಟನ್ನು ಕರಗಿಸೋಕೆ ಕ್ಲೋಪ್ರೊಸ್ಟೆನಾಲ್ 500 ಮೈಕ್ರೋಗ್ರಾಂ ಕೊಡ್ತಾರೆ. ಎರಡರಿಂದ ಐದು ದಿನದೊಳಗೆ ಬೆದೆ ಬರುತ್ತೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆ ಬೆಳಿಗ್ಗೆ ಸೆಮೆನ್ ಹಾಕಿಸು. ಮೊದಲ ಇಂಜೆಕ್ಷನ್ ಆದ ಮೇಲೆ ಈ ನಡುವೆ ಹಾರಾಡಿದರೆ ಮೋಸಹೋಗಬೇಡ, ಅದು ಬೆದೆಯಲ್ಲ. ದಪ್ಪ ಗೋಡೆಯದಕ್ಕೆ ನೇರವಾಗಿ ಕ್ಲೋಪ್ರೊಸ್ಟೆನಾಲ್ ಸಾಕು. ತೆಳುವಿಗೆ ಇದನ್ನೊಂದೇ ಕೊಟ್ಟರೆ ಕರಗೋಕೆ ಏನೂ ಇರೋದಿಲ್ಲ, ಕೆಲಸ ಆಗೋಲ್ಲ. ಇವೆರಡಕ್ಕೂ ಬಗ್ಗದಿದ್ದರೆ ಯೋನಿಯೊಳಗೆ ಏಳು ದಿನ ಇಡೋ ಪ್ರೊಜೆಸ್ಟರಾನ್ ಹಾರ್ಮೋನಿನ ಸಾಧನದ ವಿಷಯ ಡಾಕ್ಟ್ರ ಹತ್ತಿರ ಕೇಳು.

ಕ್ಲೋಪ್ರೊಸ್ಟೆನಾಲ್ ಕೊಡೋ ಮೊದಲು ಹಸು ಗಬ್ಬವಾಗಿಲ್ಲ ಅನ್ನೋದು ಖಾತ್ರಿಯಾಗಬೇಕು, ಗಬ್ಬವಿದ್ದರೆ ಕಂದು ಹಾಕುತ್ತೆ. ಬೆದೆ ತೋರಿಸಿದ ಮಾತ್ರಕ್ಕೆ ಗಬ್ಬವಿಲ್ಲ ಅನ್ನೋಕಾಗಲ್ಲ. ಆ ಬಾಟಲಿ ನೀನು ಮುಟ್ಟಲೇಬೇಡ ತಾಯಿ. ಚರ್ಮದ ಮೂಲಕವೂ ಮೈಗೆ ಇಳಿಯೋ ಔಷಧಿ, ಬಸುರಿಗೂ ಉಬ್ಬಸ ಇರೋರಿಗೂ ಅಪಾಯ. ನಿಮ್ಮೆಜಮಾನರು ಗ್ಲೌಸ್ ಹಾಕಿಕೊಂಡು ಹಸು ಹಿಡಿದುಕೊಳ್ಳಲಿ, ಉಳಿದದ್ದು ಡಾಕ್ಟ್ರ ಕೆಲಸ.

ಕೈ ಹಾಕಿ ಹಿಸುಕಿ ಒಡೆಯೋಣ ಅಂದವರಿಗೆ ಖಂಡಿತ ಬೇಡ ಅನ್ನು. ರಕ್ತ ಸೋರಿ ಅಂಡಾಶಯ ಸುತ್ತಲಿನದಕ್ಕೆಲ್ಲ ಅಂಟಿಕೊಂಡರೆ ಮುಂದೆ ಗಬ್ಬ ನಿಲ್ಲೋ ಆಸೆಯೇ ಹೋಗುತ್ತೆ.

ಕರು ಹಾಕಿದ ಮೊದಲ ಐವತ್ತು ಅರವತ್ತು ದಿನದಲ್ಲಿ ಕಂಡ ಸಿಸ್ಟು ಎಷ್ಟೋ ತಾನೇ ಹೋಗುತ್ತೆ, ಅವಸರದ ಔಷಧ ಬೇಡ. ನಿನ್ನ ಹಸು ಆ ಗಡುವು ದಾಟಿದೆ.

ಇನ್ನು ಮೇವು. ಹಾಲು ಹೆಚ್ಚು, ಮೇವು ಸಾಲದು ಅಂದಾಗ ಹಸು ಮೈ ಕರಗಿಸಿಕೊಂಡು ಹಾಲು ಕೊಡುತ್ತೆ, ಅಂಥದರಲ್ಲೇ ಈ ತೊಂದರೆ ಹೆಚ್ಚು. ಬರೀ ರಾಗಿ ಹುಲ್ಲಿನ ಮೇಲೆ ನಿಲ್ಲಿಸಬೇಡ. ಮೈಗೆ ಅಂತ ಒಂದೂವರೆ ಕೆ.ಜಿ. ಹಿಂಡಿ-ಬೂಸಾ ಮಿಶ್ರಣ, ಮೇಲೆ ಲೀಟರು ಹಾಲಿಗೆ 400 ಗ್ರಾಂ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಕೈಗೆ ಸಿಕ್ಕಷ್ಟು ಹಸಿಮೇವು. ಬೂಷ್ಟು ಹಿಡಿದ ಜೋಳ ಕೊಟ್ಟಿಗೆ ಹತ್ತಿರ ತರಲೇಬೇಡ. ಕಳೆದ ಸಲ ಮಾಸು ಬೀಳದೆ ಗರ್ಭಕೋಶ ಕೀವಾಗಿತ್ತಾ? ಆಗಿದ್ದರೆ ಡಾಕ್ಟ್ರಿಗೆ ಮರೀದೆ ಹೇಳು.

ಕರು ಹಾಕಿದ ದಿನ, ಒಂದೊಂದು ಬೆದೆಯ ದಿನ, ಸೆಮೆನ್ ಹಾಕಿಸಿದ ದಿನ, ಎಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡು. ಡೇರಿಯಲ್ಲಿ ಕೇಳಿ ಡಾಕ್ಟ್ರನ್ನು ಕರೆಸು, ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ಸ್ಕ್ಯಾನಿನಲ್ಲಿ ಯಾವ ಥರದ್ದು ಅಂದರು ಅಂತ ನನಗೂ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ