ಗೆಳೆಯಾ, ಆಪರೇಷನ್ ಮುಂದಕ್ಕೆ ಹಾಕಬೇಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಮಗುವಿಗೆ ಬಿಲಿಯರಿ ಅಟ್ರೀಸಿಯಾ, ಅಂದರೆ ಪಿತ್ತನಾಳ ಮುಚ್ಚಿಹೋಗುವ ಕಾಯಿಲೆ, ಇರುವ ಹಾಗಿದೆ, ಬೇಗ ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಹಿರಿಯರು "ಇಷ್ಟು ಎಳೆ ಕೂಸು, ಇನ್ನೊಂದು ತಿಂಗಳು ಮೈ ತುಂಬಿಕೊಳ್ಳಲಿ" ಅನ್ನುತ್ತಿದ್ದಾರೆ. ನಿನಗೂ ಹಾಗೇ ಅನ್ನಿಸುತ್ತಿದೆ, ಅಲ್ವಾ?

ಕಾಯಬೇಡ. ನನ್ನ ಮಗಳು ಇದೇ ದಾರಿಯಲ್ಲಿ ಬಂದವಳು. ಅವಳಿಗಾಗಿ ಓದಿದ್ದು, ಡಾಕ್ಟರನ್ನು ಕೇಳಿ ಕೇಳಿ ತಿಳಿದುಕೊಂಡಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕಲು ನೀನು ಒಪ್ಪಿದ್ದಕ್ಕೆ ಥ್ಯಾಂಕ್ಸ್, ಬೇರೆ ಅಪ್ಪ ಅಮ್ಮಂದಿರಿಗೂ ಓದಲು ಸಿಗುತ್ತದೆ.

ಲಿವರಿನಲ್ಲಿ ತಯಾರಾದ ಪಿತ್ತರಸ ನಾಳದ ಮೂಲಕ ಕರುಳಿಗೆ ಇಳಿಯಬೇಕು. ಈ ಕಾಯಿಲೆಯಲ್ಲಿ ಆ ನಾಳ ಉರಿಯೂತದಿಂದ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಹೊರಗೆ ಹೋಗಲಾಗದ ಪಿತ್ತರಸ ಲಿವರನ್ನೇ ಹಾಳುಮಾಡುತ್ತದೆ. ಅದು ವರ್ಷಗಟ್ಟಲೆ ನಡೆಯುವ ಕೆಲಸವಲ್ಲ, ವಾರಗಳಲ್ಲೇ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿಯೇ ಮಗುವಿಗೆ 60 ದಿನ ತುಂಬುವ ಮೊದಲು ಆಪರೇಷನ್ ಆಗಲಿ ಅನ್ನುವುದು. ಇನ್ನೂ ಬೇಗ ಆದರೆ ಇನ್ನೂ ಒಳ್ಳೆಯದು. ಏನೂ ಮಾಡದೆ ಬಿಟ್ಟರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ. ಇದನ್ನು ನಿನಗೆ ಬರೆಯುವುದು ಕಷ್ಟ, ಆದರೆ ಮುಚ್ಚಿಡಲಾರೆ.

ಮೈ ತುಂಬಿಕೊಳ್ಳುವ ಮಾತಿಗೆ ಬರುತ್ತೇನೆ. ಹಾಲಿನ ಕೊಬ್ಬು ಅರಗಬೇಕಾದರೆ ಪಿತ್ತರಸ ಬೇಕು. ಅದೇ ಕರುಳಿಗೆ ಬರದಿದ್ದಾಗ ಮಗು ಎಷ್ಟು ಹಾಲು ಕುಡಿದರೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಾದರೆ ಬೆಳೆಯುವುದು ಮಗುವಲ್ಲ, ಲಿವರಿನ ಊತ. ಎ, ಡಿ, ಇ, ಕೆ ವಿಟಮಿನ್‌ಗಳೂ ಕೊಬ್ಬಿನ ಜೊತೆಗೇ ಮೈ ಸೇರಬೇಕು. ಕೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಮೆದುಳಿನಲ್ಲೂ ರಕ್ತಸ್ರಾವ ಆಗಬಹುದು. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರಾ ಅಂತ ನಾಳೆಯೇ ಕೇಳು.

ಆಪರೇಷನ್ನಿಗೆ ಕಸಾಯ್ ಅನ್ನುತ್ತಾರೆ. ಜಪಾನಿನ ಸರ್ಜನ್ ಮೊರಿಯೊ ಕಸಾಯ್ 1950ರ ದಶಕದಲ್ಲಿ ಇದನ್ನು ಶುರುಮಾಡಿದರು. ಅದಕ್ಕೆ ಮುಂಚೆ ಇಂಥ ಹೆಚ್ಚಿನ ಮಕ್ಕಳಿಗೆ ದಾರಿಯೇ ಇರಲಿಲ್ಲ. ಮೊದಲು ಪಿತ್ತಕೋಶದೊಳಗೆ ಡೈ ಬಿಟ್ಟು ಎಕ್ಸ್‌ರೇ ನೋಡುತ್ತಾರೆ. ಡೈ ಕರುಳಿಗೂ ಲಿವರಿಗೂ ಸಲೀಸಾಗಿ ಹರಿದರೆ ಕಾಯಿಲೆ ಬೇರೆ. ಅಲಗಿಲ್ ಸಿಂಡ್ರೋಮ್‌ನಂಥದ್ದಾದರೆ ತೊಂದರೆ ಲಿವರಿನ ಒಳಗಿನ ಸಣ್ಣ ನಾಳಗಳಲ್ಲಿ, ಅದಕ್ಕೆ ಕಸಾಯ್ ಉಪಯೋಗವಿಲ್ಲ. ನಾಳ ಮುಚ್ಚಿರುವುದು ಖಾತ್ರಿಯಾದರೆ ಅದನ್ನು ತೆಗೆದು, ಸಣ್ಣ ಕರುಳಿನ ಒಂದು ತುಂಡನ್ನು ನೇರವಾಗಿ ಲಿವರಿನ ತಳಕ್ಕೇ ಹೊಲಿಯುತ್ತಾರೆ. ಅಲ್ಲಿಂದ ಪಿತ್ತರಸ ಜಿನುಗಿ ಕರುಳಿಗೆ ಬರಲಿ ಅಂತ.

ಎಲ್ಲ ಮಕ್ಕಳಲ್ಲೂ ಜಿನುಗುವುದಿಲ್ಲ. ಜಿನುಗಿದವರಲ್ಲೂ ಅನೇಕರಿಗೆ ಮುಂದೆ ಲಿವರ್ ಕಸಿ ಬೇಕಾಗುತ್ತದೆ. ಮಕ್ಕಳಿಗೆ ಲಿವರ್ ಕಸಿ ಮಾಡುವುದು ಅತಿ ಹೆಚ್ಚು ಈ ಕಾಯಿಲೆಗೇ. ಅಪ್ಪ ಅಥವಾ ಅಮ್ಮ ತಮ್ಮ ಲಿವರಿನ ಒಂದು ಭಾಗ ಕೊಡಬಹುದು, ಉಳಿದದ್ದು ಮತ್ತೆ ಬೆಳೆಯುತ್ತದೆ. ಕಸಾಯ್ ಸಫಲವಾದರೆ ಕಸಿಯ ಅಗತ್ಯವೇ ಬರದಿರಬಹುದು, ಬಂದರೂ ವರ್ಷಗಳ ನಂತರ. ಅಷ್ಟರಲ್ಲಿ ಮಗು ದೊಡ್ಡದಾಗಿರುತ್ತದೆ. ಆ ವರ್ಷಗಳು ಸಣ್ಣ ಗಳಿಕೆಯಲ್ಲ. ನನ್ನ ಮಗಳು ಇವತ್ತಿಗೂ ತನ್ನದೇ ಲಿವರಿನ ಮೇಲೆ ಇದ್ದಾಳೆ. ತಪಾಸಣೆ ಮಾತ್ರ ತಪ್ಪಿಸುವ ಹಾಗಿಲ್ಲ.

ಸುಮಾ ಬಸುರಿಯಲ್ಲಿ ಏನೋ ತಿಂದಿದ್ದಕ್ಕೆ ಹೀಗಾಯಿತು ಅಂತ ಅಳುತ್ತಾಳೆ ಎಂದು ಬರೆದಿದ್ದೀಯ. ಈ ಸಾಲು ಓದಿ ನನಗೆ ತುಂಬಾ ಸಂಕಟವಾಯಿತು. ತಿಂದದ್ದರಿಂದ ಬರುವ ಕಾಯಿಲೆ ಇದಲ್ಲ. ಎದೆಹಾಲಿನಿಂದಲೂ ಅಲ್ಲ. ಸಾಮಾನ್ಯವಾಗಿ ವಂಶದಲ್ಲಿ ಹರಿದು ಬರುವುದೂ ಅಲ್ಲ. ಒಂದೇ ಗರ್ಭದಲ್ಲಿ ಬೆಳೆದ ತದ್ರೂಪಿ ಅವಳಿಗಳಲ್ಲೂ ಹೆಚ್ಚಾಗಿ ಒಂದು ಮಗುವಿಗೆ ಮಾತ್ರ ಬರುತ್ತದೆ. ಇದನ್ನು ಅವಳಿಗೆ ಓದಿ ಹೇಳು. ಅತ್ತೆ ಮಾವನ ಎದುರಿಗೇ ಹೇಳು.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಹುಟ್ಟಿ ಎರಡು ವಾರ ಕಳೆದರೂ ಮಗುವಿನ ಕಣ್ಣು ಹಳದಿಯಾಗಿದ್ದರೆ, 'ಬಿಸಿಲಿಗೆ ಹಿಡಿಯಿರಿ, ಹೋಗುತ್ತದೆ' ಅನ್ನುವ ಮಾತಿಗೆ ಸುಮ್ನೆ ಮನೆಯಲ್ಲಿ ಕೂರಬೇಡಿ. ಎದೆಹಾಲು ಕುಡಿಯುವ ಎಷ್ಟೋ ಮಕ್ಕಳಲ್ಲಿ ಕಾಮಾಲೆ ಹಾಗೇ ಉಳಿದು ತಾನಾಗಿ ಹೋಗುವುದು ನಿಜ. ಆದರೆ ಯಾವುದು ಯಾವುದೆಂದು ಕಣ್ಣಿನಲ್ಲಿ ನೋಡಿ ಹೇಳಲಾಗದು. ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್‌ನಲ್ಲಿ, ಪಿತ್ತರಸದ ಜೊತೆ ಹೊರಹೋಗಬೇಕಾದ 'ಡೈರೆಕ್ಟ್' ಭಾಗ ಎಷ್ಟಿದೆ ಎಂದು ರಕ್ತ ಪರೀಕ್ಷೆ ಮಾಡಿಸಿ. ಮಲ ಬಿಳಿ, ಬೂದಿ ಅಥವಾ ತೀರಾ ಪೇಲವವಾಗಿದ್ದರೆ, ಮೂತ್ರದಿಂದ ಬಟ್ಟೆ ಹಳದಿ ಕಲೆಯಾಗುತ್ತಿದ್ದರೆ ಆ ದಿನವೇ ಹೋಗಿ. ತೈವಾನ್ 2004ರಿಂದ ದೇಶದ ಎಲ್ಲ ತಾಯಂದಿರಿಗೂ ಮಗುವಿನ ಮಲವನ್ನು ಹೋಲಿಸಿ ನೋಡುವ ಬಣ್ಣದ ಕಾರ್ಡು ಕೊಡುತ್ತಿದೆ. ಅದರಿಂದ ಅಲ್ಲಿ ಹೆಚ್ಚು ಮಕ್ಕಳು ಸಮಯಕ್ಕೆ ಸರಿಯಾಗಿ ಆಪರೇಷನ್ನಿಗೆ ಬರುತ್ತಿದ್ದಾರೆ. ಬಣ್ಣ ಅಚ್ಚಾದ ಒಂದು ಕಾಗದ, ಅಷ್ಟೇ. ಇದು ಎಲ್ಲ ಕಡೆ ಇರಬೇಕು.

ಗೆಳೆಯಾ, ಆಪರೇಷನ್ ಆದಮೇಲೆ ಜ್ವರದ ಬಗ್ಗೆ ಹುಷಾರು. ಪಿತ್ತನಾಳದಲ್ಲಿ ಸೋಂಕಾಗುವುದು ಜಾಸ್ತಿ. ಜ್ವರ ಬಂದರೆ, ಮಲ ಮತ್ತೆ ಬಿಳಿಚಿಕೊಂಡರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ತಾರೀಖು ಗೊತ್ತಾದ ತಕ್ಷಣ ಫೋನ್ ಮಾಡು. ಹಿಂದಿನ ದಿನವೇ ಬಂದು ನಿಮ್ಮ ಜೊತೆ ಇರುತ್ತೇನೆ.

ನಿನ್ನ ಗೆಳೆಯ