ಕಳೆನಾಶಕದ ನೀರು ಹೊಳೆಗೆ ಬೇಡ

ಮಾನ್ಯರೇ,

ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಿಗೆ ನಾಟಿಯಾದ ವಾರದೊಳಗೇ ಬ್ಯೂಟಾಕ್ಲೋರ್, ಪ್ರೆಟಿಲಾಕ್ಲೋರ್ ಎಂಬ ಕಳೆನಾಶಕಗಳು ಬೀಳುತ್ತವೆ. ಮಳೆ ಜೋರಾದರೆ ಬದು ಕಡಿದು ಆ ನೀರನ್ನೇ ಹೊರಬಿಡುತ್ತಾರೆ. ಅದು ಸೂಳೆಕೆರೆ ಹಳ್ಳದ ಮೂಲಕ ಹರಿಹರದ ಬಳಿ ತುಂಗಭದ್ರೆ ಸೇರುತ್ತದೆ. ಬ್ಯೂಟಾಕ್ಲೋರ್ ಮೀನಿಗೆ ವಿಷ. ಮರಿಗಳಿಗಂತೂ ಅಲ್ಪ ಪ್ರಮಾಣವೇ ಸಾಕು. ದನ ನೀರು ಕುಡಿಯುವ ನಾಲೆಯಲ್ಲೇ ಸ್ಪ್ರೇಯರ್ ಟ್ಯಾಂಕ್ ತೊಳೆದು, ಖಾಲಿ ಡಬ್ಬ ಎಸೆದು ಹೋಗುವುದನ್ನು ಕಂಡರೆ ಸಂಕಟವಾಗುತ್ತದೆ. ಕಳೆ ಕೀಳಲು ಆಳು ಸಿಗದ ರೈತರನ್ನು ದೂರಿ ಫಲವಿಲ್ಲ. ಆದರೆ ಬದುಗಳಿಗೆ ಹೊಡೆಯುವ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಕ್ಯಾನ್ಸರ್ ತರುವ ಸಂಭವವಿರುವ ಗುಂಪಿಗೆ ಸೇರಿಸಿದೆ. ಹೊಳೆಯ ಕೆಳಭಾಗದ ಊರುಗಳವರು ಕುಡಿಯುವುದು ಇದೇ ನೀರು. ನಾಟಿ ಹಂಗಾಮಿನಲ್ಲಾದರೂ ಸಂಬಂಧಪಟ್ಟ ಅಧಿಕಾರಿಗಳು ಹೊಳೆ ನೀರಿನಲ್ಲಿ ಕಳೆನಾಶಕದ ಅಂಶ ಪರೀಕ್ಷಿಸಿ, ವರದಿಯನ್ನು ಗ್ರಾಮ ಪಂಚಾಯಿತಿಗಳಲ್ಲಿ ಅಂಟಿಸಲಿ. ಔಷಧಿ ಹಾಕಿದ ಗದ್ದೆಯ ನೀರನ್ನು ಎಷ್ಟು ದಿನ ಕಟ್ಟಿ ನಿಲ್ಲಿಸಬೇಕೆಂದು ಕೃಷಿ ಇಲಾಖೆ ಊರೂರಿಗೆ ಬಂದು ಹೇಳಲಿ.

– ಓದುಗ, ಹರಿಹರ